ಮನೆಯಲ್ಲೇ ಮರದ ಶೋಕೇಸ್: ಪೂರ್ತಿ ತೇಗವೋ, ಪ್ಲೈವುಡ್ಡೋ? ಅಡ್ಡಹಲಗೆಗೆ ಗಾಜು ಹಾಕಬಹುದೇ?

ಹೊಸಗರಗಸ:
ಎಲ್ಲರಿಗೂ ನಮಸ್ಕಾರ. ನಡುಮನೆಯ ಗೋಡೆಗೆ ಒಂದು ಗಾಜಿನ ಬಾಗಿಲಿನ ಶೋಕೇಸನ್ನು ನಾನೇ ಮಾಡಬೇಕೆಂದು ನಿರ್ಧರಿಸಿದ್ದೇನೆ. ಈ ಹಿಂದೆ ಸ್ಟೂಲು, ಪುಸ್ತಕದ ಗೂಡು, ಒಂದು ಸಣ್ಣ ಮೇಜು ಮಾಡಿ ಕೈ ಪಳಗಿದೆ. ಬಾಗಿಲಿರುವ ವಸ್ತುವಿಗೆ ಕೈ ಹಾಕುತ್ತಿರುವುದು ಇದೇ ಮೊದಲು.

ಅಳತೆ ಹೀಗೆ ಅಂದುಕೊಂಡಿದ್ದೇನೆ: ಎತ್ತರ 1800 ಮಿ.ಮೀ., ಅಗಲ 900, ಆಳ 350. ಎರಡು ಬಾಗಿಲು, ಒಳಗೆ ನಾಲ್ಕು ಅಡ್ಡಹಲಗೆ, ಮೇಲಿನಿಂದ ಎಲ್‌ಇಡಿ ಬೆಳಕು. ಇಡಬೇಕಾದದ್ದು ಕೆಲವು ಹಿತ್ತಾಳೆಯ ವಿಗ್ರಹಗಳು, ಪಿಂಗಾಣಿ ಬಟ್ಟಲುಗಳು, ಹಳೆಯ ಫಿಲ್ಮ್ ಕ್ಯಾಮೆರಾಗಳು ಮತ್ತು ಅಪ್ಪ ವರ್ಷಗಟ್ಟಲೆ ಕೂಡಿಟ್ಟ ಶಂಖ, ಕವಡೆ, ಚಿಪ್ಪುಗಳು. ಆ ಚಿಪ್ಪುಗಳಿಗಾಗಿಯೇ ಈ ಶೋಕೇಸ್ ಎಂದರೂ ತಪ್ಪಲ್ಲ.

ಬಳಿಯಲ್ಲಿರುವ ಸಲಕರಣೆ: ಡ್ರಿಲ್, ಸಣ್ಣ ಸರ್ಕ್ಯುಲರ್ ಗರಗಸ, ಟ್ರಿಮ್ಮರ್, ಹತ್ತರಿ, ಉಳಿಗಳು, ಸಾಕಷ್ಟು ಕ್ಲ್ಯಾಂಪ್. ಪೂರ್ತಿ ತೇಗದಲ್ಲೇ ಮಾಡುವ ಆಸೆ. ಆದರೆ ಅಗಲವಾದ ಗಟ್ಟಿಮರ ಸೀಳುತ್ತದೆ, ಪ್ಲೈವುಡ್ಡೇ ಒಳ್ಳೆಯದು ಎಂದು ಕೆಲವರು ಹೇಳುತ್ತಾರೆ. ಯಾವುದು ಸರಿ? ಅಡ್ಡಹಲಗೆ ಮರದ್ದಿರಲೋ, ಗಾಜಿನದ್ದೋ?

ಕೊಡತಿ:
ಮರದ ವಿಚಾರ ಆಮೇಲೆ. ಮೊದಲು ಒಂದು ತಕ್ಕಡಿ ತನ್ನಿ. ಯಾವ ಯಾವ ವಸ್ತು ಯಾವ ಸಾಲಿನಲ್ಲಿ ಕೂರುತ್ತದೆ ಎಂದು ನೆಲದ ಮೇಲೆ ಜೋಡಿಸಿ, ಸಾಲಿಗೊಂದರಂತೆ ತೂಕ ಹಾಕಿ, ಅತಿ ಎತ್ತರದ ವಸ್ತುವಿನ ಅಳತೆ ಬರೆದುಕೊಳ್ಳಿ. ಶೋಕೇಸನ್ನು ಒಳಗಿನಿಂದ ಹೊರಕ್ಕೆ ಅಳೆಯಬೇಕು. ಹೊರಗಿನ ಅಳತೆ ಮೊದಲು ಹಿಡಿದರೆ, ಎಲ್ಲ ಮುಗಿದ ಮೇಲೆ ಆ ಎತ್ತರದ ವಿಗ್ರಹಕ್ಕೆ ಮಾತ್ರ ಜಾಗವಿರುವುದಿಲ್ಲ. ಇಂಥ ಬೀರುಗಳನ್ನು ಬಿಚ್ಚಿ ಹಲಗೆ ಸರಿಸಿಕೊಡುವ ಕೆಲಸ ನನ್ನ ಬಳಿ ಆಗಾಗ ಬರುತ್ತದೆ.

ಈಗ ಮರ. ಗಾಳಿಯ ತೇವಕ್ಕೆ ತಕ್ಕಂತೆ ಮರ ಹಿಗ್ಗುತ್ತದೆ, ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ಲೆಕ್ಕಕ್ಕಿಲ್ಲ. ಅಡ್ಡಕ್ಕೆ ಮಾತ್ರ ಖಂಡಿತ ಇದೆ. ತೇಗ ಈ ವಿಚಾರದಲ್ಲಿ ತುಂಬ ಸಾಧು ಮರ. ಹಾಗಿದ್ದರೂ 350 ಮಿ.ಮೀ. ಅಗಲದ ಸಾದಾ ಸೀಳಿನ ತೇಗದ ಹಲಗೆಯಲ್ಲಿ ತೇವಾಂಶ ಶೇ. 4ರಷ್ಟು ಏರಿಳಿದರೆ ಅಗಲ ಸುಮಾರು ಎರಡೂವರೆ ಮಿ.ಮೀ. ಬದಲಾಗುತ್ತದೆ. ಅಷ್ಟಾಗುವುದು ದೋಷವಲ್ಲ. ಆಗದಂತೆ ಅಂಟು, ಮೊಳೆ ಹಾಕಿ ಅದನ್ನು ಕಟ್ಟಿಹಾಕಿದಾಗಲೇ ಮರ ಸೀಳುವುದು.

ಆದ್ದರಿಂದ ನನ್ನ ಸಲಹೆ: ಪಕ್ಕ, ತಳ, ನೆತ್ತಿ ಈ ನಾಲ್ಕಕ್ಕೂ ಮೇಲ್ಮೈಗೆ ತೇಗದ ವೆನೀರ್ (ಮರದ ತೆಳು ಪದರ) ಇರುವ 18 ಮಿ.ಮೀ. ಪ್ಲೈವುಡ್. ಕಾಣುವ ಅಂಚುಗಳಿಗೆ ಗಟ್ಟಿ ತೇಗದ ಅಂಚುಪಟ್ಟಿ. ಬಾಗಿಲಿನ ಚೌಕಟ್ಟು ಪೂರ್ತಿ ಗಟ್ಟಿ ತೇಗ. ಪ್ಲೈವುಡ್ಡಿನಲ್ಲಿ ಪದರಗಳು ಒಂದಕ್ಕೊಂದು ಅಡ್ಡಡ್ಡವಾಗಿ ಅಂಟಿರುವುದರಿಂದ ಒಂದು ಪದರ ಹಿಗ್ಗಲು ಹೋದರೆ ಪಕ್ಕದ್ದು ಬಿಡುವುದಿಲ್ಲ. ಬಾಗಿಲು ವರ್ಷವಿಡೀ ಒಂದೇ ಸಂದಿಯಲ್ಲಿ ಮುಚ್ಚಬೇಕಾದರೆ ಅದು ನೇತಾಡುವ ಪೆಟ್ಟಿಗೆ ಅಲುಗಬಾರದು.

ಚೇಗು:
ಕೊಡತಿಯವರ ಲೆಕ್ಕ ಸರಿಯಿದೆ, ತೀರ್ಪನ್ನು ನಾನು ಒಪ್ಪುವುದಿಲ್ಲ. ಪ್ಲೈವುಡ್ ಹುಟ್ಟುವ ಎಷ್ಟೋ ಶತಮಾನ ಮೊದಲೇ ಜನ ಬಾಗಿಲಿರುವ ಪೆಟ್ಟಿಗೆ ಮಾಡುತ್ತಿದ್ದರು, ಅವು ಇಂದಿಗೂ ಮುಚ್ಚಿಕೊಳ್ಳುತ್ತಿವೆ. ಅವರ ಉಪಾಯ ಚೌಕಟ್ಟು ಮತ್ತು ತುಂಬುಹಲಗೆ. ಪಕ್ಕವನ್ನು ಒಂದೇ ಅಗಲ ಹಲಗೆಯಾಗಿ ಮಾಡುವುದಿಲ್ಲ. 60 ಮಿ.ಮೀ. ಅಗಲದ ನಾಲ್ಕು ಪಟ್ಟಿಗಳ ಚೌಕಟ್ಟು ಮಾಡಿ, ಒಳಅಂಚಿನಲ್ಲಿ ತೋಡು ಕೊರೆದು, ತೆಳು ಹಲಗೆಯನ್ನು ಅದರೊಳಗೆ ಅಂಟಿಲ್ಲದೆ ಕೂರಿಸುತ್ತಾರೆ. ಹಲಗೆ ತೋಡಿನೊಳಗೆ ತನ್ನಷ್ಟಕ್ಕೆ ಹಿಗ್ಗಿ ಕುಗ್ಗುತ್ತದೆ, ಚೌಕಟ್ಟಿನ ಹೊರ ಅಳತೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಪಾಲಿಶನ್ನು ಹಲಗೆಗೆ ಮೊದಲೇ ಬಳಿದು ಆಮೇಲೆ ಜೋಡಿಸಬೇಕು. ಇಲ್ಲದಿದ್ದರೆ ಒಣಗಾಲದಲ್ಲಿ ಹಲಗೆ ಕುಗ್ಗಿದಾಗ ಅಂಚಿನಲ್ಲಿ ಬಣ್ಣವಿಲ್ಲದ ಗೆರೆ ಇಣುಕುತ್ತದೆ.

ಹೊಸಗರಗಸ ಅವರೇ, ಆಸೆಪಟ್ಟಿದ್ದೀರಿ, ಸಲಕರಣೆ ಇದೆ, ಪೂರ್ತಿ ತೇಗದಲ್ಲೇ ಮಾಡಿ. ಕೆಲಸ ಜಾಸ್ತಿ, ಸಂದೇಹವಿಲ್ಲ. ಕೊಳ್ಳುವಾಗ ಚೇಗಿನ ಭಾಗವನ್ನೇ, ಅಂದರೆ ಮರದ ಒಳತಿರುಳಿನ ಗಟ್ಟಿ ಭಾಗವನ್ನೇ, ಆರಿಸಿ. ತೇಗದ ಹೆಸರಿನಲ್ಲಿ ಮಾರಿದ್ದಕ್ಕೆಲ್ಲ ತೇಗದ ಬಾಳಿಕೆ ಬರುವುದಿಲ್ಲ. ಹೊರಗಿನ ಬಿಳಿಚಿದ ಭಾಗದಲ್ಲಿ ಹಿಟ್ಟಿನ ಅಂಶವಿರುತ್ತದೆ, ಪುಡಿಹುಳು ತಿನ್ನುವುದು ಅದನ್ನೇ. ಒಂದೆರಡು ಮಿ.ಮೀ.ನ ದುಂಡು ತೂತು, ಅದರ ಕೆಳಗೆ ಗೋಧಿಹಿಟ್ಟಿನಷ್ಟು ನುಣುಪಾದ ಪುಡಿ ಕಂಡರೆ ಅಂಥ ಹಲಗೆಯನ್ನು ಮನೆಯೊಳಗೆ ತರಬೇಡಿ. ತಂದ ಮರವನ್ನು ಶೋಕೇಸ್ ನಿಲ್ಲುವ ಕೋಣೆಯಲ್ಲೇ, ಹಲಗೆಗಳ ನಡುವೆ ರೀಪು ಕೊಟ್ಟು, ಒಂದೆರಡು ವಾರವಾದರೂ ಪೇರಿಸಿಡಿ.

ಕೊಡತಿ:
ಚೌಕಟ್ಟು–ತುಂಬುಹಲಗೆಯ ಮಾತಿಗೆ ನನ್ನ ಎದುರಿಲ್ಲ. ಆದರೆ ಎರಡು ಪಕ್ಕ, ಎರಡು ಬಾಗಿಲು ಸೇರಿ ಹದಿನಾರು ಮೂಲೆಗಳ ಜೋಡಣೆ ಆಗುತ್ತದೆ. ಬಾಗಿಲು ಮೊದಲ ಸಲ ಮಾಡುವವರು ಆ ಶ್ರದ್ಧೆಯನ್ನೆಲ್ಲ ಬಾಗಿಲಿನ ಎಂಟು ಮೂಲೆಗೆ ಇಟ್ಟುಕೊಂಡರೆ ಫಲ ಚೆನ್ನಾಗಿರುತ್ತದೆ ಎಂಬುದು ನನ್ನ ಅನುಭವದ ಮಾತು. ಆಯ್ಕೆ ಅವರದ್ದು.

ಗಾಜುಕೆಲಸ:
ಅಡ್ಡಹಲಗೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಗಾಜಿನ ಬಗ್ಗೆ ಜನರಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ.

ಒಂದು, ಟಫನ್ಡ್ ಗಾಜು ಬಾಗುವುದಿಲ್ಲ ಎಂಬುದು. ಸಾದಾ ಗಾಜು ಎಷ್ಟು ಬಾಗುತ್ತದೋ ಅದೇ ದಪ್ಪದ ಟಫನ್ಡ್ ಗಾಜೂ ಅಷ್ಟೇ ಬಾಗುತ್ತದೆ. ಕಾಯಿಸಿ ಥಟ್ಟನೆ ತಣಿಸುವುದರಿಂದ ಅದು ಒಡೆಯದೆ ತಡೆಯುವ ಶಕ್ತಿ ಸುಮಾರು ನಾಲ್ಕು ಪಟ್ಟು ಹೆಚ್ಚುತ್ತದೆ, ಬಿಗಿತ ಹೆಚ್ಚುವುದಿಲ್ಲ. ಬಾಗುವಿಕೆ ಕಡಿಮೆಯಾಗಬೇಕಾದರೆ ದಪ್ಪ ಹೆಚ್ಚಿಸಬೇಕು ಅಥವಾ ಆಸರೆಗಳ ನಡುವಿನ ಅಂತರ ಇಳಿಸಬೇಕು. ಎರಡು, ಅಳತೆ ಸ್ವಲ್ಪ ಹೆಚ್ಚಾದರೆ ಆಮೇಲೆ ಕತ್ತರಿಸಿಕೊಳ್ಳಬಹುದು ಎಂಬುದು. ಟಫನ್ ಮಾಡಿದ ಮೇಲೆ ಕತ್ತರಿಸುವುದಾಗಲಿ, ತೂತು ಕೊರೆಯುವುದಾಗಲಿ ಸಾಧ್ಯವೇ ಇಲ್ಲ. ಇಡೀ ಗಾಜು ಪುಡಿಪುಡಿಯಾಗುತ್ತದೆ. ಅಂಚು ಉಜ್ಜುವುದು, ತೂತು, ಕಚ್ಚು ಎಲ್ಲವೂ ಮೊದಲೇ ಆಗಬೇಕು.

ನಿಮ್ಮ ಅಗಲಕ್ಕೆ ಲೆಕ್ಕ ಹಾಕಿದೆ. ಪಕ್ಕದಿಂದ ಪಕ್ಕಕ್ಕೆ ಸುಮಾರು 860 ಮಿ.ಮೀ., ಆಳ 300, ಒಂದು ಸಾಲಿನ ಮೇಲೆ ಹರಡಿದ 15 ಕೆ.ಜಿ. ಭಾರ. 18 ಮಿ.ಮೀ. ಪ್ಲೈವುಡ್ ನಡುವೆ ಒಂದು ಮಿ.ಮೀ.ಗಿಂತ ತುಸು ಹೆಚ್ಚು ಜಗ್ಗುತ್ತದೆ. 8 ಮಿ.ಮೀ. ಗಾಜೂ ಹೆಚ್ಚುಕಡಿಮೆ ಅಷ್ಟೇ, ಜೊತೆಗೆ ತನ್ನ ಸ್ವಂತ ಐದು ಕೆ.ಜಿ. ತೂಕಕ್ಕೆ ಇನ್ನರ್ಧ ಮಿ.ಮೀ. ಬಾಗುವಿಕೆಯಲ್ಲಿ ಈ ಎರಡೂ ಸಮಸಮ ಎಂಬುದು ಹಲವರಿಗೆ ಅಚ್ಚರಿ ತರುತ್ತದೆ. ವ್ಯತ್ಯಾಸವಿರುವುದು ಮುಂದಿನ ವರ್ಷಗಳಲ್ಲಿ: ಮರ ಭಾರ ಹೊತ್ತು ಹೊತ್ತು ಇನ್ನಷ್ಟು ಜಗ್ಗುತ್ತದೆ, ಮತ್ತೆ ಮೇಲೇಳುವುದಿಲ್ಲ. ಗಾಜು ಹಾಗಲ್ಲ. ಭಾರ ತೆಗೆದರೆ ನೇರವಾಗುತ್ತದೆ. ಆದರೆ ಆ ಉದ್ದಕ್ಕೆ, ಆ ಭಾರಕ್ಕೆ ಸಾದಾ ಗಾಜನ್ನು ನಾನು ಕೊಡುವುದಿಲ್ಲ. ಟಫನ್ಡ್ ಮಾತ್ರ.

ಇದಕ್ಕಿಂತ ದೊಡ್ಡ ಉಪಾಯ ಅಂತರವನ್ನು ಅರ್ಧ ಮಾಡುವುದು. ಎರಡು ಬಾಗಿಲು ಸೇರುವ ಜಾಗದ ಹಿಂದೆ ಒಂದು ನಡುಗೋಡೆ ಕೊಟ್ಟರೆ ಪ್ರತಿ ತುಂಡೂ 430 ಮಿ.ಮೀ. ಆಗುತ್ತದೆ. ಅದೇ 15 ಕೆ.ಜಿ. ಎರಡು ತುಂಡಿಗೆ ಹಂಚಿಹೋದಾಗ ಜಗ್ಗುವುದು ಹದಿನಾರನೆಯ ಒಂದು ಭಾಗ ಮಾತ್ರ. ಆಗ 6 ಮಿ.ಮೀ. ಗಾಜೇ ಧಾರಾಳ.

ಚೇಗು:
ನಡುಗೋಡೆ ಬಂದರೆ ನೋಟ ಎರಡು ಹೋಳಾಗುತ್ತದೆ. ಅಗಲವಾದ ವಸ್ತು ಇಡಲಾಗುವುದಿಲ್ಲ. ಮರದ ಹಲಗೆಯಾದರೆ ಮುಂದಿನ ಅಂಚಿಗೆ 20 ಮಿ.ಮೀ. ದಪ್ಪ, 40 ಮಿ.ಮೀ. ಎತ್ತರದ ಪಟ್ಟಿಯನ್ನು ನಿಲ್ಲಿಸಿ ಅಂಟಿಸಿದರೆ ಸಾಕು. ಬಿಗಿತ ಇಮ್ಮಡಿಗಿಂತ ಹೆಚ್ಚಾಗುತ್ತದೆ. ಪಟ್ಟಿ ಮಲಗಿದರೆ ಪ್ರಯೋಜನವಿಲ್ಲ. ನಿಲ್ಲಬೇಕು, ಏಕೆಂದರೆ ಬಿಗಿತ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ.

ಹೊಸಗರಗಸ:
ತೂಕ ಹಾಕಿದೆ. ಹಿತ್ತಾಳೆಯ ಸಾಲೊಂದೇ 22 ಕೆ.ಜಿ. ಬಂತು, ಇಷ್ಟಿರಬಹುದೆಂದು ಯಾರಿಗೂ ಅನ್ನಿಸುವುದಿಲ್ಲ. ಉಳಿದವು ಹಗುರ. ಹಾಗಾಗಿ ಹಿತ್ತಾಳೆಯನ್ನು ಎಲ್ಲಕ್ಕಿಂತ ಕೆಳಗೆ, ಪೆಟ್ಟಿಗೆಯ ತಳದ ಮೇಲೇ ಕೂರಿಸಿ, ತಳದಡಿಯಲ್ಲಿ ನಡುವೆ ಒಂದು ಕಾಲು ಕೊಡುತ್ತೇನೆ. ಮೇಲಿನ ಸಾಲುಗಳಿಗೆ ಗಾಜು. ನಡುಗೋಡೆ ಬೇಡ. ಮೇಲಿನಿಂದ ಬಂದ ಬೆಳಕು ಕೆಳಗಿನವರೆಗೂ ಇಳಿಯಬೇಕೆಂಬ ಆಸೆಯಿದೆ.

ಹಳೆವಸ್ತು:
ಬೆಳಕಿನ ಮಾತಿಗೆ ಮೊದಲು ನನ್ನದೊಂದು ಕಳಕಳಿಯ ಮಾತು. ಹಳೆಯ ವಸ್ತುಗಳನ್ನು ಕಾಪಾಡುವ ಕೆಲಸದಲ್ಲಿರುವವಳು ನಾನು. ಅಪ್ಪನ ಚಿಪ್ಪುಗಳು ಎಂದು ಓದಿದ ಕೂಡಲೇ ಬರೆಯಬೇಕೆನಿಸಿತು.

ಮುಚ್ಚಿದ ಮರದ ಪೆಟ್ಟಿಗೆಯಲ್ಲಿ ಗಾಳಿ ಆಡುವುದಿಲ್ಲ. ಮರದಿಂದ, ಅದಕ್ಕಿಂತ ಹೆಚ್ಚಾಗಿ ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡುಗಳ ಅಂಟಿನಿಂದ, ಅಸಿಟಿಕ್ ಮತ್ತು ಫಾರ್ಮಿಕ್ ಆಮ್ಲದ ಆವಿ ಸ್ವಲ್ಪ ಸ್ವಲ್ಪವೇ ಹೊರಬರುತ್ತಿರುತ್ತದೆ. ಶಂಖ, ಚಿಪ್ಪು, ಹಕ್ಕಿಯ ಮೊಟ್ಟೆ ಇವೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲದ ಆವಿ ತಾಗಿದರೆ ಮೇಲ್ಮೈಯಲ್ಲಿ ಬೂಷ್ಟಿನಂಥ ಬಿಳಿ ಹರಳು ಮೂಡಿ, ಹೊಳಪು ಹೋಗಿ, ಕೊನೆಗೆ ಗೆರೆಗಳೇ ಅಳಿಸಿಹೋಗುತ್ತವೆ. ಇದಕ್ಕೆ ಬೈನ್ ರೋಗ ಎಂದು ಹೆಸರು. 1899ರಲ್ಲಿ ಇದನ್ನು ವಿವರಿಸಿದ ಬೈನ್ ಅದಕ್ಕೆ ಬ್ಯಾಕ್ಟೀರಿಯಾ ಕಾರಣವೆಂದು ಭಾವಿಸಿದ್ದರು. ಅದು ರೋಗವೇ ಅಲ್ಲ, ಕಪಾಟಿನ ಮರ ಮಾಡುವ ಕೆಲಸ ಎಂಬುದು ಸ್ಪಷ್ಟವಾದದ್ದು ಆಮೇಲೆ. ಸೀಸದ ವಸ್ತುಗಳೂ ಇದೇ ಆವಿಗೆ ಬೆಳ್ಳಗೆ ಪುಡಿಯಾಗುತ್ತವೆ. ಮರಗಳ ಪೈಕಿ ಓಕ್ ಈ ವಿಚಾರದಲ್ಲಿ ಕುಖ್ಯಾತ.

ವಸ್ತುಸಂಗ್ರಹಾಲಯಗಳಲ್ಲಿ ಕಪಾಟಿಗೆ ಬಳಸುವ ಪ್ರತಿ ಹಲಗೆ, ಬಟ್ಟೆ, ಅಂಟನ್ನು ಪರೀಕ್ಷಿಸುವ ಕ್ರಮವಿದೆ. ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ರೂಪಿಸಿದ ಪರೀಕ್ಷೆ ಅದು. ಪರೀಕ್ಷಿಸಬೇಕಾದ ತುಣುಕನ್ನು ಬೆಳ್ಳಿ, ಸೀಸ, ತಾಮ್ರದ ಚೂರುಗಳ ಜೊತೆ ತೇವವಿರುವ ಗಾಜಿನ ಪಾತ್ರೆಯಲ್ಲಿ ಮುಚ್ಚಿ 60 ಡಿಗ್ರಿ ಶಾಖದಲ್ಲಿ 28 ದಿನ ಇಡುತ್ತಾರೆ. ಲೋಹ ಮಸುಕಾದರೆ ಆ ವಸ್ತು ಕಪಾಟಿಗೆ ಬೇಡ.

ಮನೆಯಲ್ಲಿ ಅಷ್ಟೆಲ್ಲ ಬೇಕಿಲ್ಲ. ಚಿಪ್ಪುಗಳನ್ನು ಮರಕ್ಕೆ ತಾಗಿಸದೆ ಗಾಜಿನ ಹಲಗೆಯ ಮೇಲಿಡಿ. ತುಂಬ ಅಪರೂಪದವಿದ್ದರೆ ಮುಚ್ಚಳವಿರುವ ಅಕ್ರಿಲಿಕ್ ಡಬ್ಬಿಯೊಳಗಿಟ್ಟು ಆ ಡಬ್ಬಿಯನ್ನು ಶೋಕೇಸಿನಲ್ಲಿಡಿ. ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ಕಡಿಮೆಯಿರುವ ಪ್ಲೈವುಡ್ಡನ್ನೇ ಕೇಳಿ ತನ್ನಿ, ಕತ್ತರಿಸಿದ ಪ್ರತಿ ಅಂಚನ್ನೂ ಮುಚ್ಚಿ. ಬಣ್ಣ, ಪಾಲಿಶ್ ಮುಗಿದ ಮೇಲೆ ಬಾಗಿಲು ತೆರೆದಿಟ್ಟು ಕನಿಷ್ಠ ಒಂದು ತಿಂಗಳು ಬಿಡಿ. ಒಳಗೆ ಮೂಗಿಟ್ಟು ನೋಡಿದರೆ ಏನೂ ವಾಸನೆ ಬರಬಾರದು. ಕ್ಯಾಮೆರಾಗಳಿಗೆ ಬೇರೆಯದೇ ತೊಂದರೆ: ಸಾಪೇಕ್ಷ ತೇವಾಂಶ ಶೇ. 65–70 ದಾಟಿ ನಿಂತರೆ ಲೆನ್ಸಿನೊಳಗೆ ಶಿಲೀಂಧ್ರದ ಬಲೆ ಹಬ್ಬುತ್ತದೆ. ಸಿಲಿಕಾ ಜೆಲ್ ಚೀಲವೂ ಒಂದು ಸಣ್ಣ ತೇವಮಾಪಕವೂ ಅವುಗಳ ಪಕ್ಕದಲ್ಲೇ ಇರಲಿ. ಚರ್ಮದ ಕವಚದಿಂದ ಕ್ಯಾಮೆರಾವನ್ನು ಹೊರತೆಗೆದು ಇಡಿ, ಚರ್ಮ ತೇವ ಹಿಡಿದಿಡುತ್ತದೆ.

ಹೊಸಗರಗಸ:
ಮೇಡಂ, ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಚಿಪ್ಪುಗಳು ಈಗ ರಟ್ಟಿನ ಡಬ್ಬಿಯಲ್ಲಿ ಹತ್ತಿಯ ನಡುವೆ ಇವೆ. ಅದೂ ಸರಿಯಲ್ಲವೇನೋ?

ಹಳೆವಸ್ತು:
ಸಾಮಾನ್ಯ ರಟ್ಟಿನಲ್ಲೂ ಆಮ್ಲವಿರುತ್ತದೆ. ಸದ್ಯಕ್ಕೆ ಮುಚ್ಚಳ ತೆಗೆದು ಗಾಳಿಯಾಡುವಂತೆ ಇಡಿ. ಒಂದೊಂದನ್ನೂ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬಿಳಿ ಹುಡಿ ಕಂಡವನ್ನು ಬೇರೆ ಮಾಡಿ, ಶುದ್ಧ ನೀರಿನಲ್ಲಿ ನೆನೆಸಿ ತೊಳೆದು ಪೂರ್ತಿ ಒಣಗಿಸಿ. ಹೋದ ಹೊಳಪು ಮರಳುವುದಿಲ್ಲ, ಆದರೆ ಹರಳು ಮುಂದುವರಿಯುವುದು ತಗ್ಗುತ್ತದೆ. ಜೊತೆಗೆ ಚೀಟಿಗಳಿದ್ದರೆ ದಯವಿಟ್ಟು ಎಸೆಯಬೇಡಿ. ಯಾವ ಚಿಪ್ಪು ಎಲ್ಲಿ, ಯಾವಾಗ ಸಿಕ್ಕಿತು ಎಂಬ ಅವರ ಕೈಬರಹವಿದ್ದರೆ ಅದಕ್ಕೆ ಚಿಪ್ಪಿನಷ್ಟೇ ಬೆಲೆ.

ಬೆಳಕಿಂಡಿ:
ಬೆಳಕಿನ ವ್ಯವಸ್ಥೆಗೆ ಕೆಲವು ಮಾತು. ಎಲ್‌ಇಡಿ ಪಟ್ಟಿಗೆ ಕರೆಂಟ್ ಕೊಡುವ ಡ್ರೈವರ್ ಬಿಸಿಯಾಗುತ್ತದೆ. ಅದನ್ನು ಪೆಟ್ಟಿಗೆಯ ಒಳಗೆ ಇಡಬೇಡಿ. ನೆತ್ತಿಯ ಮೇಲೆ, ಕೈಗೆ ಸಿಗುವ ಜಾಗದಲ್ಲಿ ಇರಲಿ. ದೀಪ ಹಚ್ಚಿ ಆರಿಸುವಾಗ ಒಳಗಿನ ಗಾಳಿ ಬಿಸಿಯಾಗಿ ಹೊರಹೋಗಿ, ತಣಿದಾಗ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಶೋಕೇಸಿನೊಳಗೆ ದೂಳು ಸೇರುವ ದಾರಿಗಳಲ್ಲಿ ಇದೂ ಒಂದು.

ಪಟ್ಟಿಯನ್ನು ನೇರ ಮರಕ್ಕೆ ಅಂಟಿಸದೆ ಅಲ್ಯುಮಿನಿಯಂ ಪಟ್ಟಿಯಲ್ಲಿ, ಮೇಲೆ ಹಾಲುಬಿಳುಪಿನ ಮುಚ್ಚಳದೊಂದಿಗೆ ಕೂರಿಸಿ. ಶಾಖವೂ ಹರಿಯುತ್ತದೆ, ಗಾಜಿನಲ್ಲಿ ಚುಕ್ಕೆಚುಕ್ಕೆ ಪ್ರತಿಬಿಂಬವೂ ಕಾಣುವುದಿಲ್ಲ. ಜಾಗ ನೆತ್ತಿಯ ನಡುವೆಯಲ್ಲ, ಮುಂದಿನ ಅಂಚಿನ ಹಿಂಬದಿ, ಹಿಂದಕ್ಕೆ ಓರೆಯಾಗಿ. ನಡುವಿನಿಂದ ಬಿದ್ದ ಬೆಳಕು ವಿಗ್ರಹದ ತಲೆಯನ್ನು ಬೆಳಗಿ ಮುಖವನ್ನು ನೆರಳಿಗೆ ದೂಡುತ್ತದೆ. ಗಾಜಿನ ಹಲಗೆಗಳಾದರೂ ಮೇಲಿನ ವಸ್ತುಗಳ ನೆರಳು ಕೆಳಗೆ ಬೀಳುತ್ತದೆ. ಹಾಗಾಗಿ ಎರಡೂ ಪಕ್ಕದ ಮುಂಗಂಬಗಳ ಒಳಮೈಯಲ್ಲಿ ಉದ್ದಕ್ಕೆ ಪಟ್ಟಿ ಇಡುವುದು ಉತ್ತಮ. ತಂತಿಯ ತೋಡನ್ನು ಜೋಡಣೆಗೆ ಮೊದಲೇ ಟ್ರಿಮ್ಮರಿನಲ್ಲಿ ಕೊರೆದುಬಿಡಿ. ಬಣ್ಣದ ನಿಷ್ಠೆ ಸೂಚಿಸುವ ಸಿಆರ್‌ಐ 90ಕ್ಕಿಂತ ಹೆಚ್ಚಿರಲಿ, ಹಿತ್ತಾಳೆಗೆ 3000 ಕೆಲ್ವಿನ್ ಬೆಚ್ಚನೆಯ ಬೆಳಕು ಒಪ್ಪುತ್ತದೆ.

ಚೇಗು:
ಒಳಮೈಗೆ ಯಾವ ಪಾಲಿಶ್ ಎಂದು ಯಾರೂ ಹೇಳಿಲ್ಲ. ಹೊರಗೆ ಎಣ್ಣೆಯೋ ಪಾಲಿಯುರೆಥೇನೋ ನಿಮ್ಮಿಷ್ಟ. ಒಳಗೆ ಮಾತ್ರ ಎಣ್ಣೆ ಬೇಡವೇ ಬೇಡ. ಅಗಸೆಎಣ್ಣೆ ಗಾಳಿಯೊಂದಿಗೆ ಸೇರಿ ನಿಧಾನವಾಗಿ ಗಟ್ಟಿಯಾಗುವಂಥದ್ದು, ಮುಚ್ಚಿದ ಬಾಗಿಲಿನ ಹಿಂದೆ ಅದರ ಕಮಟು ವರ್ಷಗಳಾದರೂ ಹೋಗುವುದಿಲ್ಲ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ಪಾಲಿಶ್ ಒಳಗೆ ಹೇಳಿಮಾಡಿಸಿದಂತಿದೆ. ಸ್ಪಿರಿಟ್ ಬೇಗ ಹಾರಿಹೋಗುತ್ತದೆ, ವಾಸನೆ ಉಳಿಯುವುದಿಲ್ಲ. ಹೊರಗೆ ಎಣ್ಣೆ ಬಳಿದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಒಣಗುವಾಗ ಹುಟ್ಟುವ ಶಾಖಕ್ಕೆ ತಾನೇ ಹೊತ್ತಿಕೊಳ್ಳುತ್ತದೆ. ಬಯಲಲ್ಲಿ ಹರವಿ ಒಣಗಿಸಿ ಅಥವಾ ನೀರಿನಲ್ಲಿ ಮುಳುಗಿಸಿಡಿ.

ಹೊಸಗರಗಸ:
ನೀವೆಲ್ಲ ಹೇಳಿದ ಮೇಲೆ ಯೋಜನೆ ಹೀಗಾಗಿದೆ: ಪೆಟ್ಟಿಗೆ ವೆನೀರ್ ಪ್ಲೈವುಡ್, ಅಂಚು ಮತ್ತು ಬಾಗಿಲು ಗಟ್ಟಿ ತೇಗ (ಚೇಗು ಅವರು ಮನ್ನಿಸಬೇಕು), 8 ಮಿ.ಮೀ. ಟಫನ್ಡ್ ಗಾಜಿನ ಹಲಗೆಗಳು, ಒಳಗೆ ಅರಗಿನ ಪಾಲಿಶ್, ಚಿಪ್ಪುಗಳು ಅಕ್ರಿಲಿಕ್ ಡಬ್ಬಿಯಲ್ಲಿ. ಉಳಿದಿರುವುದು ಬಾಗಿಲು. ಚೌಕಟ್ಟಿನ ದಪ್ಪ ಎಷ್ಟಿರಬೇಕು? ಗಾಜನ್ನು ಅದರಲ್ಲಿ ಹೇಗೆ ಕೂರಿಸಬೇಕು?

ಕೊಡತಿ:
ಚೌಕಟ್ಟಿನ ಪಟ್ಟಿ 55 ಮಿ.ಮೀ. ಅಗಲ, 22 ದಪ್ಪ. ಬಾಗಿಲೊಂದಕ್ಕೆ ಗಾಜು ಅರ್ಧ ಚದರ ಮೀಟರಿನಷ್ಟಾಗುತ್ತದೆ. ಗಾಜಿನ ತೂಕದ ಲೆಕ್ಕ ಸುಲಭ: ಒಂದು ಚದರ ಮೀಟರಿಗೆ, ಒಂದು ಮಿ.ಮೀ. ದಪ್ಪಕ್ಕೆ ಎರಡೂವರೆ ಕೆ.ಜಿ. 5 ಮಿ.ಮೀ. ಟಫನ್ಡ್ ಆದರೆ ಸುಮಾರು ಆರೂಕಾಲು ಕೆ.ಜಿ. ಚೌಕಟ್ಟು ಸೇರಿ ಒಂಬತ್ತು ಕೆ.ಜಿ. ಹತ್ತಿರ. ಬಾಗಿಲಿಗೆ ಮೂರು ಹಿಂಜ್ ಬೇಕು.

ಪಟ್ಟಿಗಳನ್ನು ಆರಿಸುವಾಗ ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿ. ಎಳೆ ನೇರವಾಗಿರುವುದನ್ನೇ ಬಾಗಿಲಿಗೆ ಇಡಿ. ಎಷ್ಟೇ ಚಂದದ ಚಿತ್ತಾರವಿದ್ದರೂ ಓರೆ ಎಳೆಯದ್ದು ಬೇಡ, ಅದು ತಿರುಚುತ್ತದೆ. ಮೂಲೆಯಲ್ಲಿ ಒಂದು ಪಟ್ಟಿಗೆ ತೂತು, ಇನ್ನೊಂದಕ್ಕೆ ಅದರೊಳಗೆ ಕೂರುವ ನಾಲಿಗೆ. ನಾಲಿಗೆಯ ದಪ್ಪ ಪಟ್ಟಿಯ ಮೂರನೆಯ ಒಂದು ಭಾಗ. ಕೈಯಿಂದ ಒತ್ತಿದರೆ ಒಳಹೋಗಬೇಕು, ಬಾಗಿಲು ತಲೆಕೆಳಗೆ ಹಿಡಿದರೆ ಬೀಳಬಾರದು, ಅದೇ ಹದ. ಕೊಡತಿಯಿಂದ ಬಡಿದು ಕೂರಿಸಬೇಕಾಗಿ ಬಂದರೆ ತೂತಿನ ಗೋಡೆ ಸೀಳುತ್ತದೆ. ಅಂಟು ಹಚ್ಚಿ ಕ್ಲ್ಯಾಂಪ್ ಬಿಗಿದ ಕೂಡಲೇ ಎರಡೂ ಕರ್ಣಗಳನ್ನು ಅಳೆಯಿರಿ. ವ್ಯತ್ಯಾಸವಿದ್ದರೆ ಉದ್ದವಿರುವ ಕರ್ಣದ ದಿಕ್ಕಿಗೆ ಕ್ಲ್ಯಾಂಪನ್ನು ತುಸು ಓರೆ ಮಾಡಿ ಬಿಗಿದರೆ ಸರಿಹೋಗುತ್ತದೆ. ಸಮತಟ್ಟಾದ ಮೇಜಿನ ಮೇಲೆ ಮಲಗಿಸಿಯೇ ಒಣಗಿಸಬೇಕು.

ಗಾಜಿಗೆ ಚೌಕಟ್ಟಿನ ಹಿಂಬದಿಯ ಒಳಅಂಚಿನಲ್ಲಿ 10 ಮಿ.ಮೀ. ಅಗಲದ ಕಚ್ಚು ತೆಗೆಯಿರಿ. ಗಾಜಿನ ಅಳತೆ ಆ ಕಚ್ಚಿನ ಅಳತೆಗಿಂತ ಉದ್ದಕ್ಕೂ ಅಗಲಕ್ಕೂ 3 ಮಿ.ಮೀ. ಕಡಿಮೆಯಿರಲಿ. ಹಿಂದಿನಿಂದ ತೆಳು ಬೀಡಿಂಗ್ ಪಟ್ಟಿಯನ್ನು ಸಣ್ಣ ಸ್ಕ್ರೂಗಳಿಂದ ಕೂರಿಸಿ, ಅಂಟು ಬೇಡ. ಮುಂದೆಂದಾದರೂ ಗಾಜು ಒಡೆದರೆ ಬೀಡಿಂಗ್ ಬಿಚ್ಚಿ ಹೊಸದು ಹಾಕಬಹುದು.

ಗಾಜುಕೆಲಸ:
ಗಾಜಿನ ಕೆಳಅಂಚಿನಡಿ ಎರಡು ಸಣ್ಣ ರಬ್ಬರ್ ಅಥವಾ ಪ್ಲಾಸ್ಟಿಕ್ ತುಂಡು ಇಡಿ. ಟಫನ್ಡ್ ಗಾಜಿಗೆ ನಡುವೆ ತಡೆದುಕೊಳ್ಳುವಷ್ಟು ಶಕ್ತಿ ಅಂಚಿನಲ್ಲಿ ಇರುವುದಿಲ್ಲ. ಸ್ಕ್ರೂವಿನ ತಲೆಯೊಂದು ಅಂಚಿಗೆ ಒತ್ತಿ ನಿಂತರೂ ಸಾಕು, ಗಾಜು ಒಡೆಯಬಹುದು.

ಹಳೆವಸ್ತು:
ರಬ್ಬರ್ ಬೇಡ, ಪ್ಲಾಸ್ಟಿಕ್ ಇರಲಿ. ಅನೇಕ ಬಗೆಯ ರಬ್ಬರಿನಿಂದ ಗಂಧಕದ ಆವಿ ಬರುತ್ತದೆ. ಮುಂದೆ ಬೆಳ್ಳಿಯ ವಸ್ತು ಇಟ್ಟರೆ ಕಪ್ಪಾಗುತ್ತದೆ.

ಹೊಸಗರಗಸ:
ಕೊನೆಯ ಸಂದೇಹ. ಮನೆಯ ನೆಲ ಅಷ್ಟು ಸಮವಾಗಿಲ್ಲ. ಬಾಗಿಲನ್ನು ಪೆಟ್ಟಿಗೆ ಮಲಗಿರುವಾಗಲೇ ಕೂರಿಸಿ ಆಮೇಲೆ ಗೋಡೆಗೆ ನಿಲ್ಲಿಸಬಹುದೇ?

ಕೊಡತಿ:
ಬೇಡ. ಮೊದಲು ಪೆಟ್ಟಿಗೆಗೆ 6 ಮಿ.ಮೀ. ಪ್ಲೈವುಡ್ಡಿನ ಹಿಂಬದಿಯನ್ನು ಸುತ್ತಲೂ ಅಂಟು, ಸ್ಕ್ರೂ ಹಾಕಿ ಬಿಗಿಯಿರಿ. ಪೆಟ್ಟಿಗೆ ಪಕ್ಕಕ್ಕೆ ವಾಲದಂತೆ ಹಿಡಿಯುವುದು ಅದೇ. ಆಮೇಲೆ ನಿಲ್ಲುವ ಜಾಗಕ್ಕೆ ತಂದು, ರಸಮಟ್ಟ ಇಟ್ಟು, ತಗ್ಗಿರುವ ಕಾಲಿನಡಿ ತೆಳು ಬೆಣೆ ಕೊಟ್ಟು ಎರಡೂ ದಿಕ್ಕಿಗೆ ಮಟ್ಟ ಮಾಡಿ. ನೆತ್ತಿಯ ಬಳಿ ಎರಡು ಕಡೆ ಎಲ್ ಆಕಾರದ ಕಬ್ಬಿಣದ ಪಟ್ಟಿಯಿಂದ ಗೋಡೆಗೆ ಬಿಗಿಯಿರಿ. ಇದನ್ನು ಮುಂದಕ್ಕೆ ಹಾಕಬೇಡಿ. ಇಷ್ಟು ಎತ್ತರ, ಇಷ್ಟೇ ಆಳ ಇರುವ ಪೆಟ್ಟಿಗೆಯ ಎರಡೂ ಬಾಗಿಲು ಒಟ್ಟಿಗೆ ತೆರೆದಾಗ ಹದಿನೆಂಟು ಕೆ.ಜಿ. ಮುಂದಕ್ಕೆ ಬರುತ್ತದೆ. ಮಗುವೊಂದು ಬಾಗಿಲು ಹಿಡಿದು ಜೋತರೆ ಇಡೀ ಶೋಕೇಸ್ ಮಗುಚುತ್ತದೆ.

ಇಷ್ಟಾದ ಮೇಲೆ ಬಾಗಿಲಿನ ಜಾಗವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಚೌಕಟ್ಟು ಮಾಡಿ. ಸುತ್ತಲೂ 2 ಮಿ.ಮೀ. ಸಂದಿ ಬಿಡಿ. ಗಾಜಿಲ್ಲದ ಖಾಲಿ ಚೌಕಟ್ಟನ್ನೇ ಹಿಂಜಿಗೆ ಏರಿಸಿ, ಹತ್ತರಿಯಿಂದ ತೀಡಿ ಹೊಂದಿಸಿ, ಕೆಲವು ದಿನ ಹಾಗೇ ಬಿಟ್ಟು ನೋಡಿ. ತಿರುಚುವ ಮರವಾದರೆ ಅಷ್ಟರಲ್ಲಿ ಗೊತ್ತಾಗುತ್ತದೆ. ಗಾಜಿಗೆ ಅಳತೆ ಕೊಡುವುದು ಎಲ್ಲಕ್ಕಿಂತ ಕೊನೆಗೆ, ಆ ಎರಡು ಕಚ್ಚುಗಳನ್ನು ಬೇರೆಬೇರೆಯಾಗಿ ಅಳೆದು, ಎಡ ಬಲ ಎಂದು ಗುರುತು ಹಾಕಿ.